ಬಾಗಿಲಮ್ಮ

ಅರಿಶಿನ ಬೇಯಿಸುವ ವಾಸನೆ ಘಮಘಮ ಅಂತ ಯಾರಾದರೂ ಹೇಳಿದರೆ, ಅವರು ಅರಿಶಿನ ಹಚ್ಚಿಕೊಂಡವರೇ ಹೊರತು ಬೇಯಿಸಿದವರಲ್ಲ ಅಂತ ತಿಳಿದುಕೊಳ್ಳಿ. ಮಣ್ಣು, ಹೊಗೆ, ಹಸಿ ಬೇರು, ಒದ್ದೆ ಎಲೆ ಎಲ್ಲಕ್ಕೂ ಒಟ್ಟಿಗೆ ಜ್ವರ ಬಂದು ಬೆವರಿಳಿದರೆ ಹೇಗಿರುತ್ತದೋ ಹಾಗಿರುತ್ತದೆ ಅದು. ಮೊನ್ನೆ ಚಾಮರಾಜನಗರದಿಂದ ಬಂದು ತೆರಕಣಾಂಬಿಯಲ್ಲಿ ಬಸ್ಸಿಳಿದೆ. ಯಾರದೋ ಕಣದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಹೊಗೆ ಮೂಗಿಗೆ ಹೋಗಿದ್ದೇ ತಡ, ತೊಂಬತ್ತೆಂಟನೇ ಇಸವಿಯ ಸಂಕ್ರಾಂತಿಯಿಂದ ಯುಗಾದಿವರೆಗಿನ ದಿನಗಳು ಬಂದು ಗಂಟಲಲ್ಲಿ ಕೂತವು. ಬೇರೆಯವರಿಗೆ ನೆನಪು ಎದೆಯಲ್ಲಿರುತ್ತದಂತೆ. ನನಗೆ ಗಂಟಲಲ್ಲಿ.

ಕಾರಣ, ನಾನು ದನಿ ಮಾರಿ ಬದುಕುವವನು. ಚಾಮರಾಜನಗರದಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಬೆಳಿಗ್ಗೆ ಸೀರೆ ಮಾರಾಟ ಕೂಗುತ್ತೇನೆ, ಮಧ್ಯಾಹ್ನ ನೀರಿನ ಕಂದಾಯ ಕಟ್ಟಿ ಅಂತ ಗದರುತ್ತೇನೆ, ಸಂಜೆ ನಾಟಕಕ್ಕೆ ಕರೆಯುತ್ತೇನೆ. ಮೂರಕ್ಕೂ ಮೂರು ದನಿ. ಅದಕ್ಕೂ ಮುಂಚೆ, ದುಡ್ಡಿಲ್ಲದೆ ಬರೀ ಬೈಗುಳಕ್ಕೆ ಮಾಡುತ್ತಿದ್ದೆ. ಹೆಡ್ಮಾಸ್ತರು ಮೂಗು ಹಿಂಡಿಕೊಂಡು ಕೆಮ್ಮುವುದು, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ಕೊನೆಯ ಅಕ್ಷರ ನುಂಗುವುದು, ನಮ್ಮ ಮನೆ ಹುಂಜ ಅರ್ಧಕ್ಕೇ ಮರೆತು ಮತ್ತೆ ಶುರುಮಾಡುವುದು, ಯಾವುದನ್ನೂ ಬಿಟ್ಟವನಲ್ಲ. ಒಂದು ಸಲ ಹುಂಜದ ದನಿಗೆ ಪಕ್ಕದ ಮನೆ ಕೋಳಿ ನಮ್ಮ ಹಿತ್ತಲಿಗೆ ಬಂದುಬಿಟ್ಟಿತ್ತು. ಅದರ ಮುಖ ನೋಡಲಾಗದೆ ನಾನು ಒಳಗೆ ಹೋದೆ. ನಿನ್ನ ಸ್ವಂತ ದನಿ ಯಾವುದು ಮಾದೇಶ ಅಂತ ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಿ ಹೇಳಬೇಕಾಗುತ್ತಿತ್ತು.

ಆ ವರ್ಷ ಮನೆಯಲ್ಲಿ ನಾವು ಐದು ಜನ. ಅವ್ವ. ಗುಂಡ್ಲುಪೇಟೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಅಣ್ಣ. ದಿನವಿಡೀ ದನಗಳ ಬಾಯಿ ಬಿಡಿಸಿ ಬಿಡಿಸಿ ಮನೆಗೆ ಬರುವ ಹೊತ್ತಿಗೆ ತನ್ನದನ್ನು ಬಿಡಿಸುವ ಶಕ್ತಿ ಉಳಿದಿರುತ್ತಿರಲಿಲ್ಲ. ಮೈಸೂರಿನಿಂದ ಬಂದ ಅತ್ತಿಗೆ ಶೈಲಜಾ. ಅವರ ಮಗಳು ಸಿಂಚು, ನಾಲ್ಕು ತುಂಬುತ್ತಿತ್ತು. ಆಮೇಲೆ ಪಿಯುಸಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಪರೀಕ್ಷೆಗೆ ಓದುತ್ತೇನೆ ಎಂಬ ನೆಪದಲ್ಲಿ ಊಟ ಮಾಡಿಕೊಂಡಿದ್ದ ನಾನು.

ಅತ್ತಿಗೆ ಮದುವೆಗೆ ಮೊದಲಿನಿಂದಲೇ ಮೈಸೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದವರು. ಕಾರ್ಖಾನೆಗಳ ಸಂಬಳದ ಲೆಕ್ಕವನ್ನು ಕಂಪ್ಯೂಟರ್ ತಾನೇ ಮಾಡುವ ಹಾಗೆ ಕೋಬಾಲ್ ಎಂಬ ಭಾಷೆಯಲ್ಲಿ ಬರೆಯುವುದು ಅವರ ಕೆಲಸ. ಸಿಂಚು ಹೊಟ್ಟೆಯಲ್ಲಿದ್ದಾಗ ಬಿಟ್ಟರು. ಬಿಟ್ಟ ಮೇಲೆ ಆ ಭಾಷೆ ಅವರ ಜೊತೆ ಮಾತಾಡಲು ತೆರಕಣಾಂಬಿಯಲ್ಲಿ ಒಬ್ಬರೂ ಇರಲಿಲ್ಲ. ಮುದ್ದೆ ತೊಳಸುವಾಗ ಒಮ್ಮೊಮ್ಮೆ ಅವರ ಎಡಗೈ ಬೆರಳುಗಳು ಸೀರೆಯ ಮೇಲೆ ಟಕಟಕ ಬಡಿಯುತ್ತಿದ್ದವು. ನಾನು ಅದನ್ನೂ ಅನುಕರಿಸಿ ತೋರಿಸಿ ನಗಿಸಿದ್ದೆ. ಅವರೂ ನಕ್ಕಿದ್ದರು. ಆಮೇಲೆ ಬೆರಳು ಬಡಿಯುವುದನ್ನು ನಿಲ್ಲಿಸಿದರು. ಅದು ನನಗೆ ಆಗ ಲೆಕ್ಕಕ್ಕೇ ಬರಲಿಲ್ಲ.

ಸಂಕ್ರಾಂತಿ ಹಬ್ಬದ ಮಾರನೇ ದಿನ ಫೋನು ಬಂತು. ಫೋನು ಅಂದರೆ ಪಕ್ಕದ ಬಶೀರ್ ಸಾಬರ ಅಂಗಡಿಯದು. ಸಾಬರು ಅರಿಶಿನದ ವ್ಯಾಪಾರಿ, ನಮ್ಮ ಬೀದಿಗೆಲ್ಲ ಅವರದೊಂದೇ ಫೋನು. ಬಂದರೆ ಗೋಡೆ ಮೇಲಿಂದಲೇ ಕೂಗುವರು.

"ಓ ಮಾದೇಸಾ! ನಿಮ್ದು ಅತ್ಗೆಗೆ ಮೈಸೂರಿಂದ ಫೋನು! ಜಲ್ದಿ ಬರಾಕೇಳು!"

"ಓ ಮಾದೇಸಾ! ಜಲ್ದಿ ಬರಾಕೇಳು!" ಅಂತ ನಾನು ಅದೇ ದನಿಯಲ್ಲಿ ಗೋಡೆ ಈಚೆಯಿಂದ ಹೇಳಿದೆ.

"ಇನ್ನೊಂದ್ಸಲ ನನ್ ದನಿ ಮಾಡು, ಈ ತಿಂಗಳ ಬಿಲ್ಲು ನೀನೇ ಕಟ್ಟು, ಬದ್ಮಾಶ್!"

ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿದರು. ವಾಪಸ್ ಬಂದಾಗ ಕೈಯ ಹಿಟ್ಟು ಒಣಗಿತ್ತು, ಮುಖ ಒದ್ದೆಯಾಗಿತ್ತು. ಹಳೆಯ ಕಂಪನಿಯ ಸಾಹೇಬರು ಕರೆದಿದ್ದರು. ಕೋಬಾಲ್ ಬಲ್ಲವರು ಬೇಕಂತೆ, ಈಗಲೇ ಬೇಕಂತೆ.

"ಅದೇನಮ್ಮಿ ಅಂಥ ಅರ್ಜೆಂಟು?" ಅಂದಳು ಅವ್ವ.

"ಅತ್ತೆ, ಹಳೇ ಕಂಪ್ಯೂಟರ್‌ಗಳಿಗೆ ಇಸವೀಲಿ ಕೊನೇ ಎರಡು ಅಂಕಿ ಮಾತ್ರ ಗೊತ್ತು. ತೊಂಬತ್ತೆಂಟು, ತೊಂಬತ್ತೊಂಬತ್ತು. ಆಮೇಲೆ ಸೊನ್ನೆ ಸೊನ್ನೆ ಬಂದ್ರೆ ಅದು ನೂರು ವರ್ಷ ಹಿಂದಕ್ಕೆ ಹೋಯ್ತು ಅಂದ್ಕೊಳುತ್ತೆ. ಸಂಬಳ, ವಯಸ್ಸು, ಬಡ್ಡಿ ಎಲ್ಲಾ ತಲೆಕೆಳಗು. ನಾವು ಬರೆದದ್ದನ್ನ ನಾವೇ ಹುಡುಕಿ ಸರಿ ಮಾಡ್ಬೇಕು."

"ನಂಗೆ ಆ ಎರಡಂಕಿನೂ ಗೊತ್ತಿಲ್ಲ, ನಾನು ಬದುಕಿಲ್ವಾ?" ಅಂದಳು ಅವ್ವ. ಆದರೆ ಸೊಸೆಯ ಮುಖ ನೋಡಿ, "ಓಗು ಬುಡು. ಕರೆದವರೆ ಅಂದ್ರೆ ನೀನು ಬೇಕು ಅಂತ ತಾನೆ" ಅಂದಳು.

ಹೋಗುವುದು ಸುಲಭವಿರಲಿಲ್ಲ. ಸಾಹೇಬರ ಮೇಲೆ ಈಗ ಹೊಸ ಮ್ಯಾನೇಜರು ಬಂದಿದ್ದರಂತೆ, ಅವರ ಮುಂದೆ ಸಂದರ್ಶನ. ಅತ್ತಿಗೆಗೆ ಹೆದರಿಕೆ. ಆಗ ನಾನೇ ಮುಂದೆ ಬಿದ್ದು ಕೊಟ್ಟಿಗೆಯಲ್ಲಿ ಸಂದರ್ಶನ ಏರ್ಪಡಿಸಿದೆ. ದನಕ್ಕೆ ಮೇವು ಹಾಕುವ ಗೊಂತಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, ಕಾಣದ ಆ ಮ್ಯಾನೇಜರಿಗೆ ಒಂದು ಗೊಗ್ಗರು ದನಿ ಕೊಟ್ಟೆ.

"ಮಿಸೆಸ್ ಶೈಲಜಾ, ಈ ನಾಲ್ಕು ವರ್ಷ ಏನು ಮಾಡಿದಿರಿ?"

ಅತ್ತಿಗೆ ಎಮ್ಮೆಯ ಪಕ್ಕ ನಿಂತು ಅದರ ಬೆನ್ನು ಸವರಿದರು. "ಮಗು" ಅಂದರು.

"ಗುಡ್. ಮಗು ಯಾವ ಲ್ಯಾಂಗ್ವೇಜಲ್ಲಿ ಬರೆದಿದ್ದು?"

ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹೀಗೇ ಕೇಳ್ತಾರೆ ಮಾದೇಶ, ನೋಡ್ತಿರು. ನಗಿಸದೆ ಕೇಳ್ತಾರೆ ಅಷ್ಟೆ" ಅಂದರು.

ಸಂದರ್ಶನಕ್ಕೆ ಮುಂಚೆ ಕೈ ಪಳಗಿಸಿಕೊಳ್ಳಬೇಕು ಅಂತ ಚಾಮರಾಜನಗರಕ್ಕೆ ಹೋದೆವು. ಆಗಷ್ಟೇ ಅದು ಜಿಲ್ಲೆಯಾಗಿ ಬೀಗುತ್ತಿದ್ದ ಕಾಲ, ನಿಂತಲ್ಲೆಲ್ಲ ಹೊಸ ಬೋರ್ಡು. ಬಟ್ಟೆ ಅಂಗಡಿಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ತೆರೆದಿತ್ತು. ಚಪ್ಪಲಿ ಹೊರಗೆ, ಒಳಗೆ ಪರದೆ, ತಣ್ಣನೆ ಗಾಳಿ, ಗರ್ಭಗುಡಿ ಥರ. ಪೂಜಾರಿ ನನ್ನ ವಯಸ್ಸಿನವನೇ. "ಮೌಸ್ ಹಿಡ್ಕೊಳ್ಳಿ ಮೇಡಂ" ಅಂದ. ಅತ್ತಿಗೆ ಅದನ್ನು ಇಟ್ಟಿಗೆ ಎತ್ತಿದ ಹಾಗೆ ಮೇಲಕ್ಕೆತ್ತಿದರು. ಅವರು ಕೆಲಸ ಬಿಟ್ಟಾಗ ಅವರ ಕಂಪನಿಯಲ್ಲಿ ಅದೊಂದು ಇರಲೇ ಇಲ್ಲ. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನೂ ಹಾರಿಸಿದೆ. ಅತ್ತಿಗೆ ನೋಡಿದರು.

"ಬರೀ ಅಕ್ಷರ ಬರೋ ಕಪ್ಪು ಸ್ಕ್ರೀನು ಇದೆಯಾ?" ಅಂತ ಕೇಳಿದರು.

"ಅದೆಲ್ಲ ಹಳೇದು ಮೇಡಂ."

"ನನಗೆ ಅದೇ ಬೇಕು."

ಅವನು ಗೊಣಗುತ್ತಾ ತೆರೆದುಕೊಟ್ಟ. ಅತ್ತಿಗೆ ಕೈಯನ್ನು ಕೀಲಿಗಳ ಮೇಲಿಟ್ಟು ಸುಮ್ಮನೆ ಕೂತರು. ಆಮೇಲೆ ಬೆರಳುಗಳು ಒಂದೊಂದಾಗಿ, ಆಮೇಲೆ ಎಲ್ಲ ಒಟ್ಟಿಗೆ, ಸೀರೆಯ ಮೇಲೆ ಬಡಿಯುತ್ತಿದ್ದ ಅದೇ ತಾಳದಲ್ಲಿ ಓಡಿದವು. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು ಮಾತಾಡುತ್ತಲೇ ಇದ್ದರು. ನಾನು ಅತ್ತಿಗೆಯನ್ನು ಅಷ್ಟು ಮಾತಾಡುವವರು ಅಂತ ಅಂದುಕೊಂಡೇ ಇರಲಿಲ್ಲ.

ಕೆಲಸ ಸಿಕ್ಕಿತು. ಪೂರಾ ಅಲ್ಲ, ಯುಗಾದಿವರೆಗೆ ನೋಡುತ್ತೇವೆ, ಸರಿಹೋದರೆ ಖಾಯಂ ಅಂದರು. ಅತ್ತಿಗೆಗೆ ತವರು ಅಂತ ಉಳಿದಿರಲಿಲ್ಲ, ಮೈಸೂರಿನ ಹೆಂಗಸರ ಹಾಸ್ಟೆಲ್ಲಿನಲ್ಲಿ ಒಂದು ಮಂಚ ಹಿಡಿದರು. ಅಲ್ಲಿ ಮಕ್ಕಳನ್ನು ಸೇರಿಸುವುದಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹೋಗುವುದು, ಶನಿವಾರ ಸಂಜೆ ಬರುವುದು. ಸಿಂಚು ನಮ್ಮ ಜೊತೆ. ಅಣ್ಣ ಅವತ್ತು ಒಂದೇ ಮಾತಾಡಿದ: "ಹೋಗಿದ್ದು ಬಾ. ಹೆಂಗೋ ಆಯ್ತದ." ನಮ್ಮಣ್ಣನ ಲೆಕ್ಕದಲ್ಲಿ ಅದು ಭಾಷಣ.

ಹಗಲೆಲ್ಲ ತೊಂದರೆಯಿರಲಿಲ್ಲ. ಅರಿಶಿನ ಕೀಳುವ ಕಾಲ. ಹೊಲದಲ್ಲಿ ಹೆಂಗಸರು ಗೆಡ್ಡೆ ಬಿಡಿಸುತ್ತಿದ್ದರೆ ಸಿಂಚು ನಡುವೆ ಕೂತು ಮಣ್ಣು ತಿನ್ನುತ್ತಿತ್ತು. ಸಂಜೆ ದೀಪ ಹೋಗುವುದೇ ಕಷ್ಟ. ಆಗ ದಿನಾ ಸಂಜೆ ಕರೆಂಟು ತೆಗೆಯುತ್ತಿದ್ದರು. ಅತ್ತಿಗೆ ಆ ಕತ್ತಲಲ್ಲಿ ಮಗಳನ್ನು ಮಲಗಿಸಲು ಒಂದು ಪಾಠ ಹೇಳುತ್ತಿದ್ದರು. "ಕೋಳಿ ಮಲಗಿತು... ಕರು ಮಲಗಿತು... ಬಶೀರಜ್ಜನ ಅಂಗಡಿ ಮಲಗಿತು... ಇನ್ಯಾರು ಬಾಕಿ?" ಸಿಂಚು "ನಾನು" ಅನ್ನಬೇಕು. "ನೀನೂ ಮಲಗು ಕಂದ, ನಾನಿಲ್ಲೇ ಇದೀನಿ." ಒಂದೊಂದು ಮಾತಿಗೂ ನಡುವೆ ಒಂದು ಸಣ್ಣ ಉಸಿರು, ಆಮೇಲೆ ಉದ್ದನೆಯ ಬಿಡುವು. ಕೋಳಿ ಮಲಗಿದ್ದನ್ನು ನಿಜವಾಗಲೂ ಎದ್ದು ಹೋಗಿ ನೋಡಿ ಬಂದ ಹಾಗೆ.

ಮೊದಲ ಸೋಮವಾರ ಸಂಜೆ ಸಿಂಚು ಅತ್ತಿತು. ಅವ್ವ ಎತ್ತಿಕೊಂಡಳು, ಬೆಲ್ಲ ಕೊಟ್ಟಳು, ಗುಮ್ಮನನ್ನು ಕರೆದಳು. ಅಣ್ಣ ಕರುವಿಗೆ ಸವರುವ ಹಾಗೆ ಕತ್ತು ಸವರಿದ. ಅಳು ಜಾಸ್ತಿಯಾಯಿತು. ನಾನು ಸಹಿಸಲಾರದೆ ಕೋಣೆಯ ಬಾಗಿಲ ಹಿಂದೆ ನಿಂತು, ಒಂದು ಸಣ್ಣ ಉಸಿರೆಳೆದು, "ಕೋಳಿ ಮಲಗಿತು..." ಅಂದೆ.

ಅಳು ನಿಂತಿತು.

"ಕರು ಮಲಗಿತು..."

ಅವ್ವನ ಕೈಯಲ್ಲಿದ್ದ ಬೆಲ್ಲ ಕೆಳಗೆ ಬಿದ್ದ ಸದ್ದು ಕೇಳಿತು. ನಾನು ಅಷ್ಟು ಚೆನ್ನಾಗಿ ಮಾಡಿದ್ದೆ. "ಇನ್ಯಾರು ಬಾಕಿ?" ಅಂದೆ. ಕತ್ತಲಲ್ಲಿ ಸಣ್ಣ ದನಿ "ನಾನು" ಅಂದಿತು. ಮಲಗಿತು.

ಅವ್ವ ಹೊರಗೆ ಬಂದು, "ಪಾಪಿ ಮುಂಡೇದೇ, ಎದೆ ಝಲ್ ಅಂತು ಕಣ್ಲಾ. ಇಲ್ಲೇ ಅವ್ಳೆ ಅನ್ಕಬುಟ್ಟೆ" ಅಂದಳು. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿಲ್ಲ.

ಅಲ್ಲಿಂದ ದಿನಾ ಸಂಜೆ ಅದೇ ನನ್ನ ಡ್ಯೂಟಿ. ಸಿಂಚು ತಾನೇ ಹೆಸರಿಟ್ಟಿತು: ಬಾಗಿಲಮ್ಮ. "ಚಿಕ್ಕಪ್ಪ, ಕರೆಂಟು ಓಯ್ತು, ಬಾಗ್ಲಮ್ಮನ್ನ ಕರಿ" ಅನ್ನುತ್ತಿತ್ತು. ನಾನು ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಮಗು ಪೂರ್ತಿ ನಂಬಿದೆ ಅಂತ ನನ್ನ ಹೆಮ್ಮೆ. ಸಾಲದ್ದಕ್ಕೆ ಗೆಡ್ಡೆ ಬಿಡಿಸುವ ಹೆಂಗಸರ ಮುಂದೆ, ಬಶೀರ್ ಸಾಬರ ಅಂಗಡಿಯ ಮುಂದೆ ಅತ್ತಿಗೆಯ ಐಟಂ ಶುರುವಾಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವರು. ಸಾಬರು ಮಾತ್ರ ಒಂದು ದಿನ ನಗಲಿಲ್ಲ. "ಮಾದೇಸಾ, ನನ್ದು ಮಾಡು, ಪರವಾಗಿಲ್ಲ. ತಾಯಿದು ಮಾಡ್ಬ್ಯಾಡ" ಅಂದರು. ನಾನು ಅದನ್ನೂ ಅವರದೇ ದನಿಯಲ್ಲಿ ತಿರುಗಿಸಿ ಹೇಳಿದೆ.

ಶನಿವಾರ ಬರುವ ಅತ್ತಿಗೆ ವಾರದಿಂದ ವಾರಕ್ಕೆ ಬೇರೆಯಾಗುತ್ತಿದ್ದರು. ಏಸಿ ಕೋಣೆಗೆ ಗಂಟಲು ಕಟ್ಟಿತ್ತು. ಮಾತು ಬೇಗ ಬೇಗ, ಕೊನೆಗೊಂದು "ಓಕೆ". ಕಣ್ಣಲ್ಲಿ ಮಾತ್ರ ಹೊಸ ಬೆಳಕು. ಸಾವಿರಾರು ಸಾಲುಗಳಲ್ಲಿ ಇಸವಿ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕುವುದನ್ನು ಅವರು ಹೇಳುತ್ತಿದ್ದರೆ ಹೇನು ಹೆಕ್ಕುವಷ್ಟು ಖುಷಿ. ಅವರು ಮೊದಲು ಬರೆದ ಒಂದು ಕಾರ್ಖಾನೆಯ ಲೆಕ್ಕವೇ ಮತ್ತೆ ಅವರ ಕೈಗೆ ಬಂದಿತ್ತಂತೆ. "ನಾನೇ ಮಾಡಿದ ತಪ್ಪು ನನಗೇ ಕಾಯ್ತಾ ಕೂತಿತ್ತು ಮಾದೇಶ" ಅಂದರು. ಒಮ್ಮೆ ಒಲೆಯ ಮುಂದೆ ಅವ್ವನ ಹತ್ತಿರ, "ಅತ್ತೆ, ಅಲ್ಲಿ ಕೂತಾಗ ಎಷ್ಟೋ ಹೊತ್ತು ಸಿಂಚು ನೆನಪೇ ಬರಲ್ಲ. ಆಮೇಲೆ ತಟ್ಟಂತ ಬರುತ್ತೆ. ನೆನಪಿಲ್ಲದೆ ಇದ್ನಲ್ಲ ಅಂತ ಊಟ ಸೇರಲ್ಲ" ಅಂದರು. ಅವ್ವ ಅವರ ಮುದ್ದೆಗೆ ಇನ್ನಷ್ಟು ಸಾರು ಬಿಟ್ಟಳು. ಅತ್ತಿಗೆಗೆ ಬಾಗಿಲಮ್ಮನ ವಿಷಯ ನಾವು ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದಲ್ಲ. ಅವರು ಇರುವಾಗ ಅದರ ಅಗತ್ಯವೇ ಬೀಳುತ್ತಿರಲಿಲ್ಲ.

ಯುಗಾದಿ ಹತ್ತಿರ ಬಂತು. ಆ ವಾರದ ಗುರುವಾರ ಬೆಳಿಗ್ಗೆ ಅತ್ತಿಗೆಯ ಕೆಲಸದ ಪರೀಕ್ಷೆ. ಕಂಪ್ಯೂಟರಿನ ತಾರೀಕನ್ನು ಎರಡು ಸಾವಿರಕ್ಕೆ ತಿರುಗಿಸಿ, ಕಾರ್ಖಾನೆಯವರ ಎದುರೇ ಸಂಬಳದ ಲೆಕ್ಕ ಓಡಿಸಿ ತೋರಿಸಬೇಕು. ಓಡಿದರೆ ಖಾಯಂ. ಬುಧವಾರ ಮಧ್ಯಾಹ್ನ ಮೈಸೂರಿಂದ ಫೋನು ಮಾಡಿದರು, ಧೈರ್ಯಕ್ಕೆ ಮಗಳ ದನಿ ಕೇಳಬೇಕಿತ್ತೇನೋ. ನಾನು ಸಿಂಚುವನ್ನು ಎತ್ತಿಕೊಂಡು ಸಾಬರ ಅಂಗಡಿಗೆ ಓಡಿದೆ. ಅರಿಶಿನದ ರಾಶಿಯ ಮೇಲೆ ಕೂರಿಸಿ ಫೋನನ್ನು ಕಿವಿಗಿಟ್ಟೆ.

"ಸಿಂಚು, ಅಮ್ಮ ಕಣಮ್ಮಿ. ಊಟ ಆಯ್ತಾ? ಬೇಗ ಹೇಳು" ಅನ್ನುವುದು ನನಗೂ ಕೇಳಿಸಿತು. ದನಿ ಒಡೆದಿತ್ತು, ಗರಗರ ಅನ್ನುತ್ತಿತ್ತು.

ಸಿಂಚು ಬಹಳ ಹೊತ್ತು ಕೇಳಿತು. ಫೋನನ್ನು ನನ್ನ ಕೈಗೆ ತಳ್ಳಿತು. "ಈ ಫೋನಮ್ಮ ಬ್ಯಾಡ. ಬಾಗ್ಲಮ್ಮ ಬೇಕು."

"ಮಾದೇಶ, ಏನಂತು? ಬಾಗಿಲಮ್ಮ ಯಾರು?"

ಈಗ ಯೋಚಿಸಿದರೆ, ಅಲ್ಲಿ ನೂರು ಉತ್ತರ ಕೊಡಬಹುದಿತ್ತು. ಅದೊಂದು ಆಟ, ಬನ್ನಿ ಶನಿವಾರ ಹೇಳ್ತೀನಿ ಅನ್ನಬಹುದಿತ್ತು. ನಾನು ಯಾರು? ಕಲಾವಿದ! ಬಾಯಿಗೆ ಬಂದ ಚಪ್ಪಾಳೆ ಬಿಡುವವನಲ್ಲ. ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಸಣ್ಣ ಉಸಿರೆಳೆದು, ಅತ್ತಿಗೆಗೆ ಅತ್ತಿಗೆಯ ದನಿಯಲ್ಲೇ ಹೇಳಿದೆ: "ಕೋಳಿ ಮಲಗಿತು... ಕರು ಮಲಗಿತು... ನೀನೂ ಮಲಗು ಕಂದ, ನಾನಿಲ್ಲೇ ಇದೀನಿ."

ಅತ್ತ ಕಡೆ ನಗು ಬರುತ್ತದೆ ಅಂತ ಕಾದೆ. "ಅತ್ಗೆ?" ಅಂದೆ. ಫೋನು ಇಟ್ಟುಬಿಟ್ಟಿದ್ದರು.

ಸಾಬರು ತಕ್ಕಡಿ ಹಿಡಿದವರು ಹಾಗೇ ನನ್ನನ್ನು ನೋಡಿದರು. ಆಮೇಲೆ ಸಿಂಚುಗೆ ಒಂದು ಬಿಸ್ಕತ್ತು ಕೊಟ್ಟರು. ನನಗೆ ಬಯ್ಯಲೂ ಇಲ್ಲ.

ಅವತ್ತು ಸಂಜೆ ಕರೆಂಟು ಹೋಯಿತು. ನನಗೆ ಒಳಗೊಳಗೇ ಅಳುಕು, ಆದರೂ ಮಗು ಕರೆಯಿತು, ಹೋಗಿ ಬಾಗಿಲ ಹಿಂದೆ ನಿಂತೆ. "ಕೋಳಿ ಮಲಗಿತು... ಕರು ಮಲಗಿತು..." ಜಗಲಿಯಲ್ಲಿ ಯಾರೋ ನಿಂತ ಹಾಗಾಯಿತು. ಅವ್ವ ಇರಬೇಕು ಅಂದುಕೊಂಡೆ. "ಬಶೀರಜ್ಜನ ಅಂಗಡಿ ಮಲಗಿತು... ಇನ್ಯಾರು ಬಾಕಿ?"

"ಸಿಂಚು" ಅಂತ ಒಂದು ಒಡಕು ದನಿ ಬಂತು. "ಸಿಂಚು, ನಾನು ಬಂದೆ ಕಂದ."

ಅತ್ತಿಗೆ. ಸಿಕ್ಕ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಯಾವುದೋ ಟೆಂಪೋದಲ್ಲಿ ಬಂದಿದ್ದರು. ತಮ್ಮ ಮನೆಯ ಜಗಲಿಯಲ್ಲಿ ನಿಂತು, ಒಳಗೆ ತಾವು ಮಗಳನ್ನು ಮಲಗಿಸುತ್ತಿರುವುದನ್ನು ಕೇಳಿಸಿಕೊಂಡಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಕತ್ತಲಲ್ಲಿ ಮಗು ಹೇಳಿತು: "ಈಗ ಚೆನ್ನಾಗಿಲ್ಲ ಚಿಕ್ಕಪ್ಪ. ಮೊದ್ಲು ಮಾಡ್ದಂಗೆ ಮಾಡು."

ಅವ್ವ ದೀಪ ತಂದಳು. ಬೆಳಕು ಬಿದ್ದ ಕೂಡಲೇ ಸಿಂಚು ಅಮ್ಮಾ ಅಂತ ಕಿರುಚಿ ಕುತ್ತಿಗೆಗೆ ಜೋತುಬಿದ್ದಿತು, ಏನು ತಂದೆ ಅಂತ ಬ್ಯಾಗಿಗೆ ಕೈ ಹಾಕಿತು. ಅತ್ತಿಗೆ ಏನೂ ತಂದಿರಲಿಲ್ಲ. ಮಗಳನ್ನು ತಬ್ಬಿಕೊಂಡು ಗೋಡೆಗೆ ಒರಗಿ ಕೂತರು. "ನಾಳೆ ಹೋಗಲ್ಲ" ಅಂದರು. ಅಣ್ಣ "ನಾಳೆ ಪರೀಕ್ಷೆ ಅಲ್ವಾ" ಅಂದ. "ಹೋಗಲ್ಲ ಅಂದೆನಲ್ಲ. ನನ್ನ ಮಗಳಿಗೆ ನನ್ನ ದನಿ ಚೆನ್ನಾಗಿಲ್ಲ." ನನ್ನ ಕಡೆ ನೋಡಲೇ ಇಲ್ಲ. ನೋಡಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಗುಳಕ್ಕೆ ನನ್ನ ಹತ್ತಿರ ಯಾವಾಗಲೂ ಒಂದು ದನಿ ಇರುತ್ತದೆ.

ಮಾರನೇ ದಿನ ನಮ್ಮ ಅರಿಶಿನ ಬೇಯಿಸುವ ದಿನ. ಬೆಳಕು ಹರಿಯುವ ಮೊದಲೇ ಅವ್ವ ಕಣದಲ್ಲಿ ಒಲೆ ಹೊತ್ತಿಸಿದ್ದಳು. ಕೊಪ್ಪರಿಗೆಗೆ ಗೆಡ್ಡೆ ಸುರಿದು, ಮೇಲೆ ಅರಿಶಿನದ ಎಲೆ ಮುಚ್ಚಿ, ನಾನು ಒಣ ತರಗು ತುರುಕುತ್ತಿದ್ದೆ. ಅತ್ತಿಗೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತರು. ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಕೊನೆಗೆ ನಾನೇ ಹೊಗೆಯ ಮರೆಯಲ್ಲಿ, "ತಪ್ಪಾಯ್ತು ಅತ್ಗೆ. ಮಗು ನಂಬ್ಕಬುಡ್ತು" ಅಂದೆ.

ಅತ್ತಿಗೆ ಮಗಳ ಗಲ್ಲ ಹಿಡಿದು ಕೇಳಿದರು. "ಸಿಂಚು, ಬಾಗಿಲಮ್ಮ ಯಾರು?"

"ಚಿಕ್ಕಪ್ಪ" ಅಂದಿತು, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ.

ನಾನು ತರಗು ಹಿಡಿದು ಕೂತಲ್ಲೇ ಕೂತೆ. ಹಿಂದಿನ ಸಂಜೆ ಅದು 'ಮಾಡು' ಅಂತ ನನಗೇ ಹೇಳಿದ್ದು ಆಗ ಹೊಳೆಯಿತು.

"ಹೆಂಗೆ ಗೊತ್ತು?"

"ಅಜ್ಜಿ ದೀಪ ತಂದಾಗ ಬಾಗ್ಲ ಕೆಳಗೆ ಚಿಕ್ಕಪ್ಪನ್ ಕಾಲು ಕಾಣ್ತದ. ಉಗುರು ಕೊಳಕು."

"ಮತ್ತೆ ಗೊತ್ತಿದ್ರೂ ಯಾಕೆ ಮಲಗ್ತಿದ್ದೆ?"

"ನೀ ಬರಗಂಟ ಅದಿರ್ಲಿ ಅಂತ."

ಅತ್ತಿಗೆ ಮಗಳನ್ನು ಕೆಳಗಿಳಿಸಿ, ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಹೊಗೆ ಕಣ್ಣಿಗೆ ಹೋಗಿದೆ ಎಂದುಕೊಳ್ಳುವುದಕ್ಕೆ ಅನುಕೂಲವಾಗುವಷ್ಟು ಹೊಗೆ ಇತ್ತು. ಅವ್ವ ಕೊಪ್ಪರಿಗೆಗೆ ಕಡ್ಡಿ ಚುಚ್ಚಿ ನೋಡುತ್ತಾ, ಯಾರ ಕಡೆಗೂ ತಿರುಗದೆ ಮಾತು ಶುರುಮಾಡಿದಳು.

"ಇವ್ನು ಕೂಸಾಗಿದ್ದಾಗ ನಾನು ಕಳೆ ಕೀಳಾಕೆ ಓಗ್ತಿದ್ದೆ. ಬುಟ್ಟೋಗಾಕೆ ಮನೇಲಿ ಯಾರಿದ್ರು? ಹೊಂಗೆ ಮರಕ್ಕೆ ಜೋಲಿ ಕಟ್ಟಿ ಮಲಗ್ಸಿ, ಆ ಕೊನೆಗಂಟ ಸಾಲಿಡಿದು ಓದ್ರೆ ತಿರುಗಿ ಬರಗಂಟ ಇವ್ನೊಬ್ನೇ. ಮೊದ್ಮೊದ್ಲು ಅಳ್ತಿದ್ದ. ಆಮೇಲೆ ಅಳು ನಿಂತೋಯ್ತು. ಏನಾಯ್ತಪ್ಪ ಅಂತ ಓಡ್ಬಂದು ನೋಡ್ತೀನಿ, ಮರದ ಮೇಲೆ ಕಾಗೆ ಕಾ ಅಂದ್ರೆ ಇವ್ನೂ ಕಾ ಅಂತವ್ನೆ. ನಗ್ತಾ ಅವ್ನೆ."

"ಅವ್ವ, ಇದನ್ನ ನಂಗ್ಯಾವತ್ತೂ ಹೇಳಿಲ್ವಲ್ಲ" ಅಂದೆ.

"ಏನೇಳದು? ಸತ್ತೋದ್ಯಾ? ಕಾಗೆ ಆಗೋದ್ಯಾ? ಒಸಿ ಕಾಗೆ ಬುದ್ಧಿ ಬಂತು, ಅಷ್ಟೇಯ." ಕಡ್ಡಿ ಕಿತ್ತು ಮೂಸಿದಳು. "ನಂಗೂ ಕೂತ್ಕಂಡು ಅಳಂಗಾಗದು ಕಣಮ್ಮಿ. ಆದ್ರೂ ಮಾರ್ನೇ ದಿನ ಓಗ್ತಿದ್ದೆ. ಕಳೆ ಕಾಯ್ತದಾ? ಬಸ್ ಬರೋ ಹೊತ್ತಾಯ್ತು. ಮುಖ ತೊಳ್ಕ."

ಅತ್ತಿಗೆ ಮುಖ ತೊಳೆದುಕೊಂಡರು. ಸಿಂಚು ಅವ್ವನ ಸೊಂಟದ ಮೇಲಿಂದ ಕೈಬೀಸಿತು, ಆಮೇಲೆ ಅತ್ತಿತು, ಆ ಅಳುವಿಗೆ ನಾನು ದನಿ ತೆಗೆಯಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗ್ ಹಿಡಿದು ಹೋದೆ. ಅತ್ತಿಗೆ ಮುಂದೆ ಮುಂದೆ ನಡೆದರು. ಹುಣಿಸೇಮರದ ಕೆಳಗೆ ನಿಂತಾಗ, ರಸ್ತೆಯ ಕಡೆ ನೋಡುತ್ತಲೇ, "ಮಾದೇಶ, ಒಂದ್ಸಲ ಮಾಡು" ಅಂದರು.

"ಬ್ಯಾಡ ಅತ್ಗೆ. ಇನ್ನು ಯಾವತ್ತೂ ಮಾಡಲ್ಲ, ಅವ್ವನಾಣೆ."

"ಬೈಯಕ್ಕಲ್ಲ ಕಣೋ. ನಾನು ಕೇಳ್ಬೇಕು. ಫೋನಲ್ಲಿ ಅರ್ಧ ಕೇಳಿ ಇಟ್ಟುಬಿಟ್ಟೆ."

ನಾನು ಮರದ ಕಡೆ ತಿರುಗಿ ನಿಂತೆ. ಉಸಿರೆಳೆದೆ. ಕೋಳಿ ಮಲಗಿತು. ಕರು ಮಲಗಿತು. ಬಶೀರಜ್ಜನ ಅಂಗಡಿ ಮಲಗಿತು. ಪ್ರತಿ ಬಿಡುವನ್ನೂ ಬಿಡಬೇಕಾದಷ್ಟು ಬಿಟ್ಟೆ.

"ಇಷ್ಟು ನಿಧಾನವಾಗಿ ಮಾತಾಡ್ತಿದ್ನಾ ನಾನು?" ಅಂದರು.

ಹೌದು ಅನ್ನುವಷ್ಟರಲ್ಲಿ ಬಸ್ಸು ಬಂತು. ಹತ್ತಿದರು. ಕಿಟಕಿಯಿಂದ ಬ್ಯಾಗ್ ಕೊಟ್ಟೆ. "ಥ್ಯಾಂಕ್ಸ್ ಮಾದೇಶ, ಓಕೆ, ಬರ್ತೀನಿ, ಸಿಂಚುಗೆ ಉಗುರು ಕತ್ತರಿಸು, ನಿಂದೂ ಕತ್ತರಿಸ್ಕೋ" ಅಂತ ಒಂದೇ ಉಸಿರಿನಲ್ಲಿ ಹೇಳಿದರು. ಬಸ್ಸು ಹೋದ ಮೇಲೆ ನಾನು ಮರದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಒಬ್ಬರಿಂದ ಏನನ್ನೋ ಎತ್ತಿಕೊಂಡು, ಅವರು ಬಂದು ಕೇಳಿದಾಗ ತೋರಿಸಿ ಮತ್ತೆ ಜೇಬಿಗೆ ಹಾಕಿಕೊಂಡ ಹಾಗೆ ಅನ್ನಿಸುತ್ತಿತ್ತು.

ಅವತ್ತು ಲೆಕ್ಕ ಓಡಿತಂತೆ, ಕೆಲಸ ಖಾಯಂ ಆಯಿತು. ಸಂಜೆ ಸಾಬರು ಗೋಡೆ ಮೇಲಿಂದ ಕೂಗಿ ಹೇಳಿದರು. ಕರೆಂಟು ಹೋಯಿತು. ಸಿಂಚು ಬಾಗ್ಲಮ್ಮ ಬೇಕು ಅಂತು. ನಾನು ಬಾಗಿಲು ಪೂರಾ ತೆರೆದಿಟ್ಟು, ಚಾಪೆಯ ಮೇಲೆ ಅದರ ಪಕ್ಕ ಕೂತು, ನನ್ನ ದನಿಯಲ್ಲಿ, "ಅಮ್ಮ ಮೈಸೂರಲ್ಲವ್ಳೆ. ಶನಿವಾರ ಬತ್ತಳೆ" ಅಂದೆ. ಅದು ಅತ್ತಿತು. ಯುಗಾದಿ ಕಳೆದ ಮೇಲೂ ಸಂಜೆ ಸಂಜೆ ಅತ್ತಿತು. ಆ ಅಳುವಿನ ಪಕ್ಕ ಸುಮ್ಮನೆ ಕೂರುವುದು ನನಗೆ ಬಹಳ ಕಷ್ಟದ ಕೆಲಸವಾಗಿತ್ತು. ಮಾಡಿದ್ದಕ್ಕೂ ಪಾಪ, ನಿಲ್ಲಿಸಿದ್ದಕ್ಕೂ ಪಾಪ ಅನ್ನಿಸುತ್ತಿತ್ತು. ಮಳೆ ಶುರುವಾಗುವ ಹೊತ್ತಿಗೆ ಅಣ್ಣ ಮೈಸೂರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡ, ಮೂವರೂ ಒಂದೇ ಮನೆ ಸೇರಿದರು.

ಈಗ ಸಿಂಚು ಶಾಲೆಗೆ ಹೋಗುತ್ತದೆ. ನಾನು ಹೋದಾಗಲೆಲ್ಲ ಹೆಡ್ಮಾಸ್ತರದು ಮಾಡು, ಹುಂಜದ್ದು ಮಾಡು ಅನ್ನುತ್ತದೆ. ಬಾಗಿಲಮ್ಮನ ನೆನಪು ಅದಕ್ಕಿಲ್ಲ. ಅತ್ತಿಗೆ ದೊಡ್ಡ ಕೆಲಸದಲ್ಲಿದ್ದಾರೆ; ಎರಡು ಸಾವಿರ ಬಂತು, ಹೋಯಿತು, ಯಾರ ಸಂಬಳವೂ ನೂರು ವರ್ಷ ಹಿಂದಕ್ಕೆ ಹೋಗಲಿಲ್ಲ. ಅವರು ಬೇಗ ಬೇಗ ಮಾತಾಡುತ್ತಾರೆ, ಚೆನ್ನಾಗಿ ನಗುತ್ತಾರೆ. ಕೋಳಿ ಮಲಗಿದ್ದನ್ನು ಎದ್ದು ಹೋಗಿ ನೋಡಿ ಬಂದ ಹಾಗೆ ಹೇಳುವ ಆ ದನಿ ಮಾತ್ರ ಅವರ ಹತ್ತಿರ ಈಗಿಲ್ಲ.

ಮೊನ್ನೆ ಬಸ್ಸಿಳಿದು, ಆ ಹೊಗೆ ಕುಡಿದುಕೊಂಡು ಮನೆಗೆ ಬಂದೆ. ಮುಸ್ಸಂಜೆ. ಅವ್ವ ಒಳಗೆ ಒಲೆಯ ಹತ್ತಿರ ಇದ್ದಳು, ಪಾತ್ರೆ ಸದ್ದಾಗುತ್ತಿತ್ತು. ಜಗಲಿ ಮೇಲೆ, ಅತ್ತಿಗೆ ಅವತ್ತು ನಿಂತಿದ್ದ ಜಾಗದಲ್ಲೇ ನಿಂತೆ. ಆಣೆ ಮಾಡಿದ್ದು ಮರೆತಿರಲಿಲ್ಲ. ಅದಿನ್ನೂ ಗಂಟಲಲ್ಲಿದೆಯಾ ಇಲ್ಲವಾ ಅಂತ ನೋಡಬೇಕಿತ್ತು ಅಷ್ಟೆ. ಸಣ್ಣ ಉಸಿರೆಳೆದು, ಮೆಲ್ಲಗೆ, "ಕೋಳಿ ಮಲಗಿತು..." ಅಂದೆ.

ಪಾತ್ರೆ ಸದ್ದು ನಿಂತಿತು.

"ಶೈಲಾ? ಯಾವಾಗ್ ಬಂದ್ಯಮ್ಮಿ?" ಅವ್ವನ ದನಿಯಲ್ಲಿ ಹಬ್ಬ ಬಂದಿತ್ತು. "ಒಬ್ಳೇ ಬಂದ್ಯಾ? ಕೂಸೆಲ್ಲಿ? ಬಾ ಒಳಕ್ಕೆ, ಕಾಪಿಗಿಟ್ಟೆ."

ಒಲೆಗೆ ಸೌದೆ ತುರುಕಿದ ಸದ್ದು ಕೇಳಿತು. ನಾನು ಚಪ್ಪಲಿಯೂ ಬಿಡದೆ ನಿಂತಿದ್ದೆ. ಬಾಯಲ್ಲಿ ಊರಿನವರ ದನಿಯೆಲ್ಲ ಇತ್ತು, ನನ್ನದೊಂದನ್ನು ಹುಡುಕಬೇಕಾಯಿತು.

"ನಾನು ಕಣವ್ವ, ಮಾದೇಶ" ಅಂದೆ.

ಒಳಗೆ ಒಲೆಯಿಂದ ಸೌದೆ ಹಿಂದಕ್ಕೆಳೆದ ಸದ್ದಾಯಿತು. ಆಮೇಲೆ ಅವಳು, "ಓ, ನೀನಾ" ಅಂದಳು. "ಕಾಲ್ತೊಳ್ಕ ಬಾ."